ಕೈದಿ ತೋಟದ ಕಣ

ಗೋಡೆಯಿಲ್ಲದ ಜೈಲು ಎಂಬುದೊಂದು ಇರುತ್ತದೆ ಎಂದರೆ ನಮ್ಮ ಹರಿಹರದವರು ಮೊದಲಿಗೆ ನಂಬಲಿಲ್ಲ. ಸರ್ಕಾರಕ್ಕೆ ತಲೆ ಕೆಟ್ಟಿದೆ, ಕಳ್ಳನ ಕೈಗೇ ಬೀಗದ ಕೈ ಕೊಡುತ್ತಿದ್ದಾರೆ ಎಂದು ಸಂತೆಯಲ್ಲಿ ನಿಂತು ನಕ್ಕರು. ನಗುತ್ತಿದ್ದ ಹಾಗೆಯೇ ಒಂದು ಬೆಳಿಗ್ಗೆ ಹೊಳೆದಂಡೆಯ ಜಾಲಿ ಬೀಳಿಗೆ ಲಾರಿಯಲ್ಲಿ ಕೈದಿಗಳು ಬಂದಿಳಿದರು. ಜಾಲಿ ಕಡಿದರು, ದಿಣ್ಣೆ ಅಗೆದು ತಗ್ಗು ತುಂಬಿದರು, ನಾಲೆಯ ನೀರು ಬರುವ ಹೊತ್ತಿಗೆ ಗದ್ದೆ ಮಾಡಿಕೊಂಡು ಕಾದಿದ್ದರು. ಸುತ್ತ ಹಾಕಿದ್ದು ಕತ್ತಾಳೆ ಬೇಲಿ. ಮನಸ್ಸು ಮಾಡಿದರೆ ಕರು ಕೂಡ ಹಾರಬಹುದಾದಷ್ಟೇ ಎತ್ತರ. ಸರ್ಕಾರ ಆ ಜಾಗಕ್ಕೆ ಮಾರುದ್ದದ ಹೆಸರಿಟ್ಟಿತ್ತು. ನಮ್ಮ ಬಾಯಲ್ಲಿ ಅದು ಕೈದಿ ತೋಟ.

ತೋಟದ ಮೊದಲ ಬದನೆಕಾಯಿ ಗಾಡಿ ದಾವಣಗೆರೆಯ ಮಾರ್ಕೆಟ್ಟಿಗೆ ಹೋದ ದಿನ ಒಂದು ಕಾಯಿಯೂ ಮಾರಾಟವಾಗಲಿಲ್ಲವಂತೆ. ಕೊಲೆ ಮಾಡಿದ ಕೈ ನೆಟ್ಟ ಗಿಡ, ಅದರ ಕಾಯಿ ತಿಂದರೆ ಏನಾಗುತ್ತದೋ ಎಂದು ಹೆಂಗಸರು ಒಂದೊಂದನ್ನೂ ತಿರುಗಿಸಿ ನೋಡಿ ಕೆಳಗಿಟ್ಟರು. ಹುಳುಕು ಸಿಕ್ಕಿದ್ದರೆ ಅವರಿಗೂ ಸಮಾಧಾನವಾಗುತ್ತಿತ್ತು. ಸಿಗಲಿಲ್ಲ, ಅದಕ್ಕೇ ಅನುಮಾನ ಹೆಚ್ಚಾಯಿತು. ಆಮೇಲೆ ತೋಟದವರು ದರ ಇಳಿಸಿದರು. ಅಗ್ಗಕ್ಕೆ ಸಿಕ್ಕಿದ ಮೇಲೆ ಯಾರು ಬೆಳೆದರೇನು? ಒಂದೆರಡು ವರ್ಷದಲ್ಲಿ "ಕೈದಿ ಬದನೆಕಾಯಿ ಬಂದಾವೇನಪ್ಪಾ?" ಎಂದು ಕೇಳಿ ಕೊಳ್ಳುವ ಹಾಗಾಯಿತು.

ಊರಿನ ಅನುಮಾನ ಹೀಗೆ ಕರಗಿತು. ಕರಗದೆ ಉಳಿದದ್ದು ಒಬ್ಬನದೇ. ಅವನು ತೋಟದ ಹೆಡ್ ವಾರ್ಡರ್ ಗುತ್ತೆಪ್ಪ.

ಗುತ್ತೆಪ್ಪ ಹುಟ್ಟಿ ಬೆಳೆದದ್ದು ಪೊಲೀಸ್ ಲೈನಿನಲ್ಲಿ. ನೌಕರಿಯ ಮುಕ್ಕಾಲು ಭಾಗ ದೊಡ್ಡ ಜೈಲುಗಳ ಎತ್ತರದ ಗೋಡೆಗಳ ಒಳಗೆ ಕಳೆದವನು. ಅಲ್ಲಿ ಅವನಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಇಲ್ಲಿ ಬೆಳಿಗ್ಗೆ ಕಂಬಿಯ ತುಂಡಿಗೆ ಸುತ್ತಿಗೆ ಬಡಿದು ಕೈದಿಗಳನ್ನು ಎಣಿಸಿದರೆ ಮುಗಿಯಿತು. ಆಮೇಲೆ ಒಬ್ಬ ನೀರಿನ ಮಡೆ ಕಟ್ಟಲು ಹೊಳೆ ಕಡೆಗೆ, ಇನ್ನೊಬ್ಬ ಎತ್ತು ಹೊಡೆದುಕೊಂಡು ನಾಲೆ ಕಡೆಗೆ, ಮತ್ತೊಬ್ಬ ತರಕಾರಿ ಗಾಡಿ ಕಟ್ಟಿಕೊಂಡು ದಾವಣಗೆರೆಗೆ. ಎಲ್ಲರ ಕೈಯಲ್ಲೂ ಕುಡುಗೋಲು, ಗುದ್ದಲಿ. ಸಂಜೆ ಎಣಿಕೆಗೆ ಎಲ್ಲರೂ ತಾವಾಗಿಯೇ ಬಂದು ನಿಂತರೆ ಗುತ್ತೆಪ್ಪನಿಗೆ ಖುಷಿಯಾಗಬೇಕಿತ್ತು. ಅವನಿಗೆ ಯೋಚನೆಯಾಗುತ್ತಿತ್ತು. ಓಡಿಹೋಗಬಹುದಾದವನು ಓಡಿಹೋಗುತ್ತಿಲ್ಲ ಎಂದರೆ ಒಳಗೆ ಏನೋ ಇದೆ.

"ನಮ್ಮ ಮನೆಯವ್ರು ದೇವರ ಪ್ರಸಾದಾನೂ ಮೂಸಿ ನೋಡೇ ತಿನ್ನೋದು" ಎಂದು ಅವನ ಹೆಂಡತಿ ಮೈಲಮ್ಮ ನೀರಿಗೆ ಹೋದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದಳು. ಆಕೆ ಲೋಕಿಕೆರೆಯ ರೈತರ ಮನೆಯ ಮಗಳು; ಬಾಯಿ ಸ್ವಲ್ಪ ದೊಡ್ಡದು.

ಅವನ ಅನುಮಾನಕ್ಕೂ ಒಂದು ಕಾರಣವಿತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹಿಂದೆ ಒಂದು ಜೈಲಿನಲ್ಲಿ ಅವನು ಕಾವಲಿದ್ದಾಗ ಕೈದಿಯೊಬ್ಬ ತನ್ನ ಸ್ವಂತ ತಮ್ಮ ತಂದುಕೊಟ್ಟ ಲಾಡು ತಿಂದು ಸತ್ತಿದ್ದ. ಗುತ್ತೆಪ್ಪನ ಕಣ್ಣ ಮುಂದೆಯೇ ನೊರೆ ಕಾರಿ ಸತ್ತ. ಅಂದಿನಿಂದ ಅವನು ಎಲ್ಲಿಗೆ ವರ್ಗವಾಗಿ ಹೋದರೂ ಒಂದು ಕಾಯ್ದೆ ಜೊತೆಗೆ ಹೋಯಿತು. ಭಾನುವಾರ ಮುಲಾಖಾತಿಗೆ ಬಂದವರು ತಿಂಡಿ ತಂದಿದ್ದರೆ, ಅದನ್ನು ತಂದವರೇ ಅವನ ಎದುರು ಮೊದಲು ತಿನ್ನಬೇಕು. ಆಮೇಲೆ ಕೈದಿಗೆ. ಹೆತ್ತ ತಾಯಿಯಾದರೂ ಅಷ್ಟೆ. ಹಲ್ಲಿಲ್ಲದ ಮುದುಕಿಯೊಬ್ಬಳು ಮಗನಿಗೆ ಚಕ್ಕುಲಿ ತಂದಾಗ, ಆಕೆ ಅದನ್ನು ಬಾಯಲ್ಲಿ ನೆನೆಸಿ ನುಂಗುವವರೆಗೂ ಎದುರಿಗೆ ನಿಂತಿದ್ದ. ಮುದುಕಿ ಹಾಕಿದ ಶಾಪ ತೋಟದ ಮುಲಾಖಾತಿ ನಡೆಯುವ ಹುಣಸೆಮರದಡಿ ಕೂತಿದ್ದವರಿಗೆಲ್ಲ ಕೇಳಿಸಿತು. ಗುತ್ತೆಪ್ಪನಿಗೆ ನಾಚಿಕೆಯೇನೂ ಆಗಲಿಲ್ಲ.

ಆ ಹುಣಸೆಮರದ ಕೆಳಗೆ ಒಮ್ಮೆಯೂ ಯಾರೂ ನೋಡಲು ಬಾರದಿದ್ದ ಕೈದಿ ಮೌಲಾ ಸಾಬ್.

ಮೌಲಾ ಸಾಬ್ ಮಲೆಬೆನ್ನೂರು ಕಡೆಯವನು. ದೊಡ್ಡಪ್ಪನ ಮಗ ಮುನಾಫ್ ಮತ್ತು ಇವನ ಹೊಲ ಒತ್ತಾಗಿದ್ದವು. ನಡುವಿನ ಬದುವಿನ ವಿಷಯಕ್ಕೆ ಮಾತು ಬೆಳೆದು, ಮಾತಿನ ಮೇಲೆ ಕೈ ಬೆಳೆದು, ಇವನ ಕೈಯ ಗುದ್ದಲಿ ಮುನಾಫನ ತಲೆಗೆ ಬಿತ್ತು. ಜೀವಾವಧಿ ಶಿಕ್ಷೆಯಾಯಿತು. ಒಳಗಿರುವಾಗಲೇ ಹೆಂಡತಿ ತೀರಿಕೊಂಡಳು, ಮಕ್ಕಳಿರಲಿಲ್ಲ. ಕೈದಿ ತೋಟ ಶುರುವಾದಾಗ ಮೊದಲ ಲಾರಿಯಲ್ಲಿ ಬಂದವರಲ್ಲಿ ಅವನೂ ಒಬ್ಬ. ಮಾತು ಕಡಿಮೆ. ಸಸಿ ಮಡಿ, ನಾಟಿ, ಕಣ, ಎಲ್ಲದಕ್ಕೂ ಉಳಿದ ಕೈದಿಗಳು ಅವನ ಮುಖ ನೋಡುತ್ತಿದ್ದರು. ಬೇರೆ ಊರಿನಿಂದ ದೊಡ್ಡ ಅಧಿಕಾರಿಗಳು ತೋಟ ನೋಡಲು ಬಂದರೆ ಜೈಲರ್ ಕರಿಬಸವರಾಜ ಸಾಹೇಬರು ಅವನನ್ನೇ ಮುಂದೆ ನಿಲ್ಲಿಸುತ್ತಿದ್ದರು. "ನೋಡಿ ಸಾರ್, ಈ ಭೂಮಿ ತನ್ನದು ಅಂತ ಇವನಿಗೆ ಅನ್ನಿಸಬೇಕು. ಅನ್ನಿಸಿದ ದಿನ ಇವನು ರೈತ, ಕೈದಿಯಲ್ಲ" ಎನ್ನುತ್ತಿದ್ದರು. ಕೇಳಲು ಚೆಂದದ ಮಾತು. ಬಂದವರು ತಲೆದೂಗಿ ಎಳನೀರು ಕುಡಿದು ಹೋಗುತ್ತಿದ್ದರು.

ಆ ವರ್ಷ ಸುಗ್ಗಿಗೆ ಮುಂಚೆ ಸಾಹೇಬರು ಮೌಲಾ ಸಾಬನನ್ನು ಆಫೀಸಿಗೆ ಕರೆಸಿದರು. ಗುತ್ತೆಪ್ಪ ಬಾಗಿಲಲ್ಲಿ ನಿಂತಿದ್ದ.

"ನಿನ್ನ ಬಿಡುಗಡೆಗೆ ಶಿಫಾರಸು ಮಾಡಿದೀನಿ ಮೌಲಾ ಸಾಬ್. ಮೇಲಿನವರು ಒಪ್ಪೋ ಹಾಗೆ ಕಾಣ್ತಾರೆ. ಪೊಲೀಸರು ಸತ್ತವನ ಮನೆಯವರನ್ನೊಂದು ಮಾತು ಕೇಳ್ತಾರೆ, ಅವರ ತಕರಾರು ಇಲ್ಲ ಅಂದ್ರೆ ಸುಗ್ಗಿ ಮುಗಿಯೋದ್ರೊಳಗೆ ಹೊರಗಿರ್ತೀಯ. ಅಲ್ಲೀವರೆಗೆ ಹುಷಾರು. ಒಂದು ಸಣ್ಣ ಕಪ್ಪು ಚುಕ್ಕೆ ಬಿದ್ರೂ ವಾಪಸ್ ದೊಡ್ಡ ಜೈಲು. ಇಷ್ಟು ವರ್ಷದ ಶಿಕ್ಷೆ ಮಾಫಿಯೆಲ್ಲ ಹೋಯ್ತು ಅಂತಲೇ ತಿಳ್ಕೊ. ಆಮೇಲೆ ನಿನ್ನ ಹೆಣಾನೇ ಹೊರಗೆ ಬರೋದು."

ಮೌಲಾ ಸಾಬ್ ತಲೆ ತಗ್ಗಿಸಿ ನಿಂತಿದ್ದ. "ಆಗ್ಲಿ ಸಾಹೇಬ್ರೆ" ಎಂದ, ಅಷ್ಟೆ. ನಗಲಿಲ್ಲ, ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಹೋಗಿ ಕಣ ಸಾರಿಸಲು ಸಗಣಿ ಕಲಸಿದ.

ಗುತ್ತೆಪ್ಪನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಬಿಡುಗಡೆ ಎಂದರೆ ಕುಣಿಯಬೇಕಾದವನು ಸಗಣಿ ಕಲಸುತ್ತಾನೆ ಎಂದರೆ ಏನರ್ಥ? ಒಂದೋ ಇವನಿಗೆ ಮೊದಲೇ ಗೊತ್ತಿತ್ತು. ಇಲ್ಲ, ಬೇರೆ ದಾರಿ ಹುಡುಕಿಕೊಂಡಿದ್ದಾನೆ.

ಅಂದಿನಿಂದ ಅವನು ಮೌಲಾ ಸಾಬನ ಬೆನ್ನು ಬಿಡಲಿಲ್ಲ. ಮೌಲಾ ಸಾಬ್ ನಮಾಜಿಗೆ ಕೂತರೆ ಯಾವ ಕಡೆ ತಿರುಗಿ ಕೂತ ಎಂದು ನೋಡಿದ. ಎತ್ತಿನ ಕಿವಿಯಲ್ಲಿ ಏನೋ ಹೇಳಿದರೆ ಹತ್ತಿರ ಹೋಗಿ ಕಿವಿಗೊಟ್ಟ. ಎತ್ತು ಅವನಿಗೆ ಬಾಲ ಬೀಸಿತು.

ಕಣ ಶುರುವಾಯಿತು. ನಡುವೆ ಮೇಟಿ ಕಂಬ, ಸುತ್ತ ಎತ್ತುಗಳು, ತುಳಿದದ್ದನ್ನು ಮೊರದಲ್ಲೆತ್ತಿ ಗಾಳಿಗೆ ತೂರುವ ಕೈದಿಗಳು. ಭತ್ತದ ರಾಶಿ ಏರುತ್ತಾ ಹೋಯಿತು. ಸಂಜೆ ರಾಶಿಯ ಮೈಮೇಲೆ ಬೂದಿಯಿಂದ ಗೆರೆ ಎಳೆದು ಮುದ್ರೆ ಹಾಕುವುದು ರೂಢಿ. ಯಾರಾದರೂ ಕೈಯಿಟ್ಟರೆ ಗೆರೆ ಮುರಿದು ಗೊತ್ತಾಗುತ್ತದೆ. ಇಡೀ ಒಕ್ಕಲುತನದಲ್ಲಿ ಗುತ್ತೆಪ್ಪನಿಗೆ ಮೆಚ್ಚುಗೆಯಾದದ್ದು ಇದೊಂದೇ. ಗೆರೆಯನ್ನು ತಾನೇ ಎಳೆಯುತ್ತೇನೆ ಎಂದು ಹಟ ಹಿಡಿದು ಎಳೆದ. ಬೆಳಿಗ್ಗೆ ಬಂದು ನೋಡಿದರೆ ಗೆರೆ ಸರಿಯಾಗಿಯೇ ಇತ್ತು. ಆದರೆ ಕಣದ ಅಂಚಿನಿಂದ ಕತ್ತಾಳೆ ಬೇಲಿಯವರೆಗೆ ಅಲ್ಲೊಂದು ಇಲ್ಲೊಂದು ಭತ್ತದ ಕಾಳು ಬಿದ್ದಿದ್ದವು. ಬೇಲಿಯ ಬುಡದಲ್ಲಿ ಸ್ವಲ್ಪ ಹೆಚ್ಚು. ಇರುವೆ ಸಾಲುಗಟ್ಟಿದ್ದವು.

ಬೇಲಿ ಕಡೆ ನೋಡಿದಾಗ ಗುತ್ತೆಪ್ಪನಿಗೆ ನೆನಪಾಯಿತು. ಹೋದ ಸುಗ್ಗಿಯಲ್ಲೂ ಅಲ್ಲೊಬ್ಬ ಹೆಂಗಸು ನಿಂತಿದ್ದಳು. ತಲೆ ತುಂಬ ಸೆರಗು, ಮುಖ ಕಾಣುತ್ತಿರಲಿಲ್ಲ. ತೆನೆ ಆಯುವವಳಿರಬೇಕೆಂದು ಬಿಟ್ಟಿದ್ದ. ಈಗ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಮರುದಿನ ಮಧ್ಯಾಹ್ನ ಅವನು ಹುಲ್ಲಿನ ಬಣವೆಯ ಹಿಂದೆ ಅಡಗಿ ಕೂತ. ಹೊಟ್ಟು ಮೈಗೆಲ್ಲ ಅಂಟಿ ತುರಿಕೆ ಹತ್ತಿತು, ಅಲುಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅದೇ ಹೆಂಗಸು ಬೇಲಿಯಾಚೆ ಬಂದು ನಿಂತಳು. ಕೂಗಲಿಲ್ಲ, ಸನ್ನೆ ಮಾಡಲಿಲ್ಲ. ಮೌಲಾ ಸಾಬ್ ತೂರುವುದನ್ನು ನಿಲ್ಲಿಸಿ, ರಾಶಿಯ ಅಂಚಿನಿಂದ ಮೊರ ತುಂಬಿಕೊಂಡು ಬೇಲಿಯ ಹತ್ತಿರ ಹೋದ. ಹೆಂಗಸು ಸೆರಗು ಒಡ್ಡಿದಳು. ಅವನು ಸುರಿದ. ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಮಾತಿಲ್ಲದ್ದೇ ಗುತ್ತೆಪ್ಪನಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿಯಾಗಿ ಕಂಡಿತು. ಮೊದಲೇ ಮಾತಾಗಿದ್ದವರಿಗೆ ಮತ್ತೆ ಮಾತೇಕೆ ಬೇಕು?

ಹಿಡಿಯಬಹುದಿತ್ತು. ಆದರೆ ಬಾಲ ಹಿಡಿದರೆ ತಲೆ ಸಿಗುವುದಿಲ್ಲ. ಅವನು ಖಾಕಿ ಅಂಗಿಯ ಮೇಲೆ ಒಂದು ಟವೆಲ್ ಹೊದ್ದು ಆಕೆಯ ಹಿಂದೆ ಹೊರಟ. ಆಕೆ ರಸ್ತೆಗೆ ಬಂದು ದಾವಣಗೆರೆ ಬಸ್ಸು ಹತ್ತಿದಳು, ಅವನೂ ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಬಸ್ಸು ಬಾತಿ ಊರು ದಾಟಿತು. ದಾವಣಗೆರೆಯಲ್ಲಿ ಇಳಿದು, ಸೆರಗಿನ ಗಂಟನ್ನು ಮಗುವಿನಂತೆ ಸೊಂಟಕ್ಕೆ ಏರಿಸಿಕೊಂಡು, ಆಕೆ ಮಂಡಕ್ಕಿ ಭಟ್ಟಿಗಳ ಓಣಿ ಹೊಕ್ಕಳು. ಹೊಟ್ಟಿನ ಹೊಗೆಯಲ್ಲಿ ಒಂದು ಭಟ್ಟಿಯ ಒಳಗೆ ಹೋಗಿ ಮರೆಯಾದಳು.

ಭಟ್ಟಿಯ ಮಾಲೀಕ ಅಲ್ಲಾಬಕ್ಷ್ ಬಾಗಿಲಲ್ಲೇ ಚೀಲ ಹೊಲಿಯುತ್ತಾ ಕೂತಿದ್ದ. "ಬರ್ರಿ, ಕೂಡ್ರಿ" ಎಂದು ಒಂದು ಹಿಡಿ ಬಿಸಿ ಮಂಡಕ್ಕಿ ಕೈಗೆ ಹಾಕಿದ. ಅಲ್ಲಾಬಕ್ಷ್ ತಾನೊಂದು ಹಿಡಿ ಬಾಯಿಗೆ ಹಾಕುವವರೆಗೆ ಗುತ್ತೆಪ್ಪ ತಿನ್ನಲಿಲ್ಲ.

"ಈಗ ಒಳಗೆ ಹೋದ್ಳಲ್ಲ, ಆ ಹೆಣ್ಮಗಳು ಯಾರು?"

"ಆಕೀನಾ? ಸುಗ್ರಾಬಿ. ಮಂಡಕ್ಕಿ ಹುರಿಯೋ ಮರಳು ಜರಡಿ ಹಿಡೀತಾಳೆ. ಪಾಪ, ಗಂಡನ್ನ ಕಳ್ಕೊಂಡು ಊರು ಬಿಟ್ಟು ಬಂದೋಳು, ಒಬ್ಬಳು ಮಗಳು. ಮಲೆಬೆನ್ನೂರು ಕಡೆ ಬದುವಿನ ಜಗಳದಾಗೆ ಕೊಲೆ ಆತು ನೋಡ್ರಿ, ಆ ಮುನಾಫನ ಹೆಂಡ್ತಿ."

ಗುತ್ತೆಪ್ಪನ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ಉಳಿಯಿತು. ಕೊಂದವನು ಕೊಡುತ್ತಾನೆ, ಸತ್ತವನ ಹೆಂಡತಿ ಈಸಿಕೊಳ್ಳುತ್ತಾಳೆ! ಹರಿಹರಕ್ಕೆ ವಾಪಸ್ಸು ಬರುವ ಬಸ್ಸಿನಲ್ಲಿ ಅವನು ಲೆಕ್ಕ ಹಾಕಿದ. ಒಂದೋ ಈಕೆ ಸಲುಗೆ ಬೆಳೆಸಿ ಒಂದು ದಿನ ಅವನಿಗೆ ವಿಷ ಹಾಕುತ್ತಾಳೆ. ಇಲ್ಲವೋ, ಪೊಲೀಸರ ಮುಂದೆ ತಕರಾರು ಹೇಳದಿರಲೆಂದು ಅವನು ಸರ್ಕಾರದ ಭತ್ತ ಕೊಟ್ಟು ಈಕೆಯ ಬಾಯಿ ಕಟ್ಟುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ತನ್ನ ಅನುಮಾನ ನಿಜವಾದಂತೆಯೇ. ಬಹಳ ದಿನಗಳ ಮೇಲೆ ಅವನಿಗೆ ಸುಖವೆನಿಸಿತು.

ಮನೆಯಲ್ಲಿ ಮುದ್ದೆ ಮುರಿಯುತ್ತಾ ಮೈಲಮ್ಮನಿಗೆ ಹೇಳಿದ. ಆಕೆ ಸಾರು ಬಡಿಸುವುದನ್ನು ನಿಲ್ಲಿಸಿ ನಕ್ಕೇಬಿಟ್ಟಳು.

"ಅಯ್ಯ, ಇದಕ್ಕೇನ್ರಿ ಬಣವೆ ಹಿಂದೆ ಕುಂತು ಮೈ ಕೆರ್ಕೊಂಡಿದ್ದು? ಕಣಕ್ಕೆ ಬಂದೋರ್ನ ಬರಿಗೈಲಿ ಕಳಿಸ್ತಾರೇನು? ನಮ್ಮಪ್ಪನ ಕಣಕ್ಕೆ ಕಮ್ಮಾರ ಬರ್ತಿದ್ದ, ಕ್ಷೌರದೋನು ಬರ್ತಿದ್ದ, ದಾರಿಗೆ ಹೋಗೋ ದಾಸಯ್ಯ ಬರ್ತಿದ್ದ. ಎಲ್ರಿಗೂ ಒಂದೊಂದು ಮೊರ. ಅದೇ ಆಯ. ಯಾರು ಏನು ಅಂತ ಮುಖ ನೋಡೋ ಹಂಗಿಲ್ಲ. ಅವನು ರೈತ, ಕೊಟ್ಟಾನೆ."

"ರೈತ ಅಲ್ಲ, ಕೈದಿ. ಭತ್ತ ಅವನಪ್ಪಂದಲ್ಲ, ಸರ್ಕಾರದ್ದು."

"ಅವನು ಮರೆತಿರ್ಬೇಕು."

"ಕೈದಿ ಮರೆಯೋದೇನೇ? ಎಲ್ಲ ಮರೀಬೌದು, ತಾನು ಕೈದಿ ಅನ್ನೋದನ್ನ ಮರೆಯಾಕೆ ಆಗ್ತೈತಾ?"

"ನೀವಂತೂ ಮರೆಯಾಕೆ ಬಿಡಲ್ಲ ಬಿಡ್ರಿ" ಎಂದು ಮೈಲಮ್ಮ ಒಲೆಯ ಕಡೆ ತಿರುಗಿದಳು. "ಆಕಿ ಗಂಡನ್ನ ಕೊಂದೋನ ಕೈಯಿಂದ ಸೆರಗಿಗೆ ಹಾಕಿಸ್ಕೊಂಡ್ಳು ಅಂದ್ರೆ... ನನಗೆ ಅದು ತಿಳೀವಲ್ದು. ನಾನಾಗಿದ್ರೆ ಮುಖಕ್ಕೆ ಎರಚ್ತಿದ್ದೆ."

ಬೆಳಿಗ್ಗೆ ಗುತ್ತೆಪ್ಪ ಸಾಹೇಬರ ಮುಂದೆ ಎಲ್ಲವನ್ನೂ ಬಿಚ್ಚಿಟ್ಟ. ಕರಿಬಸವರಾಜರ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಮೆರೆಸಿದ ಮಾದರಿ ಕೈದಿ ಕಳ್ಳನಾದರೆ ಮೆರೆಸಿದವನ ಗತಿಯೇನು? ಆದರೂ ಕಿವಿಗೆ ಬಿದ್ದ ಮೇಲೆ ಬಿಡುವ ಹಾಗಿರಲಿಲ್ಲ. "ಆ ಹೆಂಗಸನ್ನು ಕರ್ಕೊಂಡು ಬಾ. ಅವಳ ಬಾಯಿಂದಲೇ ಕೇಳೋಣ" ಎಂದರು.

ಗುತ್ತೆಪ್ಪನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಕೊಂದವನನ್ನು ಮತ್ತೆ ಒಳಗೆ ಹಾಕಿಸುವ ಅವಕಾಶ ಬಂದರೆ ಯಾವ ವಿಧವೆ ಬಿಟ್ಟಾಳು? ಭಟ್ಟಿಯಿಂದ ಕರೆದುಕೊಂಡು ಬರುವಾಗ ಸುಗ್ರಾಬಿ ತೋಟದ ಗೇಟು ಕಂಡಾಗ ಕೇಳಿದಳು.

"ನಾನು ಹೌದು ಅಂದ್ರೆ ಅವನಿಗೆ ಏನಾಗ್ತೈತ್ರಿ?"

"ಬಿಡುಗಡೆ ಇಲ್ಲ. ದೊಡ್ಡ ಜೈಲು. ಅಲ್ಲೇ ಸಾಯ್ತಾನೆ. ನಿಮಗೂ ಅದೇ ಬೇಕಲ್ಲಮ್ಮ?"

ಆಕೆ ಸೆರಗು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

ಆಫೀಸಿನಲ್ಲಿ ಮೌಲಾ ಸಾಬ್ ಗೋಡೆಗೆ ಒತ್ತಿ ನಿಂತಿದ್ದ, ಕೂದಲಲ್ಲಿ ಇನ್ನೂ ಹೊಟ್ಟಿತ್ತು. ಆಕೆ ಒಳಗೆ ಬಂದದ್ದನ್ನು ನೋಡಿ ಕಣ್ಣು ನೆಲಕ್ಕೆ ಹಾಕಿದ.

"ಏನಮ್ಮ, ಇವನು ಯಾರು ಗೊತ್ತಾ?" ಸಾಹೇಬರು ಕೇಳಿದರು.

"ಗೊತ್ತಿಲ್ದೆ ಏನ್ರಿ. ನಮ್ಮ ಮನೆಯೋರ್ನ ಹೊಡೆದೋನು."

"ಇವನು ನಿಮಗೆ ಈ ಕಣದಿಂದ ಭತ್ತ ಕೊಟ್ಟಿದ್ದು ನಿಜಾನಾ?"

ಹೊರಗೆ ಎತ್ತಿನ ಗಂಟೆಯ ಸದ್ದು ಕೇಳುತ್ತಿತ್ತು. ಗುತ್ತೆಪ್ಪ ಎದೆ ಸೆಟೆಸಿ ನಿಂತಿದ್ದ.

"ಇಲ್ರಿ" ಎಂದಳು ಸುಗ್ರಾಬಿ.

"ಸುಳ್ಳು ಸಾರ್! ನನ್ನ ಕಣ್ಣಾರೆ ನೋಡೀನಿ!" ಗುತ್ತೆಪ್ಪ ಕೂಗಿಯೇಬಿಟ್ಟ.

"ಹಾಗಾದ್ರೆ ಬೇಲಿ ಹತ್ರ ಯಾಕೆ ಬರ್ತಿದ್ರಿ?" ಸಾಹೇಬರು ಅವನ ಕಡೆ ತಿರುಗದೆ ಕೇಳಿದರು.

"ಇವನ್ನ ನೋಡಾಕೆ. ಸೊರಗ್ಯಾನೋ ಇಲ್ಲೋ, ನೋಡಿದ್ರೆ ನನ್ನ ಹೊಟ್ಟೆ ತಣ್ಣಗಾಗ್ತೈತೆ ಅಂತ ಬಂದೆ. ನೋಡಿ ಹೋಗ್ತಿದ್ದೆ. ಭತ್ತ ಗಿತ್ತ ಏನಿಲ್ಲ."

ಸಾಹೇಬರು ಕುರ್ಚಿಗೆ ಒರಗಿದರು. ಹೋದ ಜೀವ ಬಂದ ಹಾಗಿತ್ತು ಅವರ ಮುಖ. "ಗುತ್ತೆಪ್ಪ, ನೀನು ನೋಡಿದ್ದು ದೂರದ ಬಣವೆ ಸಂದಿಯಿಂದ. ಧೂಳು ಬೇರೆ. ಸತ್ತವನ ಹೆಂಡತಿಯೇ ಇಲ್ಲ ಅಂದ ಮೇಲೆ ನನಗೆ ಬೇರೆ ಸಾಕ್ಷಿ ಬೇಡ. ಮುಗೀತು, ಹೋಗಿ ಎಲ್ಲರೂ."

"ಕೊಟ್ಟೀನಿ ಸಾಹೇಬ್ರೆ."

ಮೌಲಾ ಸಾಬನ ದನಿ ದೊಡ್ಡದೇನೂ ಇರಲಿಲ್ಲ. ಆದರೆ ಬಾಗಿಲ ಕಡೆ ತಿರುಗಿದ್ದ ಸುಗ್ರಾಬಿ ಅಲ್ಲೇ ನಿಂತಳು.

"ಮೌಲಾ ಸಾಬ್, ಬಾಯಿ ಮುಚ್ಕೊಂಡಿರು" ಎಂದರು ಸಾಹೇಬರು.

"ಕೊಟ್ಟೀನ್ರಿ. ಈ ಸುಗ್ಗೀಲೊಂದೇ ಅಲ್ಲ, ಕಣ ಮಾಡಿದಾಗೆಲ್ಲ. ಕಮ್ಮಾರನಿಗೂ ಕೊಟ್ಟೀನಿ, ಕ್ಷೌರದೋನಿಗೂ ಕೊಟ್ಟೀನಿ. ಮೊದಲ್ನೇ ಸಲ ಯಾರೋ ಹೆಣ್ಮಗಳು ಬೇಲಿ ಹತ್ರ ನಿಂತಂಗೆ ಕಾಣ್ತು, ಮೊರ ತುಂಬ್ಕೊಂಡು ಹೋದೆ. ಹತ್ರ ಹೋದಾಗ ಗೊತ್ತಾತು, ನಮ್ಮ ಭಾಬಿ ಅಂತ. ಕಾಲು ಕಿತ್ತಿಡಾಕೆ ಆಗ್ಲಿಲ್ಲ. ಕೊಡಾಕಂತ ಕಣ ದಾಟಿಸಿದ ಕಾಳ್ನ ತಿರುಗಿ ರಾಶಿಗೆ ಹಾಕಂಗಿಲ್ಲ. ಉಗೀತಾಳೆ ಅಂತ ನಿಂತ್ಕಂಡೆ. ಸೆರಗು ಒಡ್ಡಿದ್ಲು."

"ಅದು ಸರ್ಕಾರದ ಭತ್ತ ಅಂತ ಗೊತ್ತಿರಲಿಲ್ವೇನೋ ನಿನಗೆ?"

"ಗೊತ್ತಿತ್ರಿ. ರಾಶಿ ಮುಂದೆ ನಿಂತಾಗ ನೆನಪಾಗ್ಲಿಲ್ಲ. ಉತ್ತೋನು ನಾನು, ನೆಟ್ಟೋನು ನಾನು. ಕಣದ ಅಂಚಿಗೆ ಯಾರೋ ಬಂದ್ರು, ಕೈ ತಾನಾಗೇ ಮೊರಕ್ಕೆ ಹೋತು. ನಂದೇ ಅನ್ನಿಸ್ತು. ತಪ್ಪಾತು."

ಕರಿಬಸವರಾಜರು ಒರಗಿದ್ದ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಈ ಭೂಮಿ ತನ್ನದು ಎಂದು ಇವನಿಗೆ ಅನ್ನಿಸಬೇಕು ಎಂದು ಬಂದವರಿಗೆಲ್ಲ ಭಾಷಣ ಮಾಡಿದವರು ಅವರೇ. ಮಳೆಗಾಗಿ ಪೂಜೆ ಮಾಡಿಸಿದವನ ಮನೆಯೇ ಸೋರಿದ ಹಾಗಾಗಿತ್ತು. ಸರ್ಕಾರದ ಕಾಯ್ದೆಯಲ್ಲಿ ಇಂಥ ಸೋರಿಕೆಗೆ ಒಂದೇ ಹೆಸರು, ಕಳ್ಳತನ.

"ನೋಡು" ಎಂದರು ಕೊನೆಗೆ, ಬೇಡಿಕೊಳ್ಳುವ ಹಾಗೆ. "ಆಕೆಯೇ ಇಲ್ಲ ಅಂತಿದ್ದಾಳೆ. ನೀನೂ ಇಲ್ಲ ಅಂದುಬಿಡು. ನಾನು ಏನೂ ಕೇಳಿಸಿಕೊಂಡಿಲ್ಲ. ಬಿಡುಗಡೆ ಬಾಗಿಲಿಗೆ ಬಂದು ನಿಂತಿದೆಯಲ್ಲೋ ಮಾರಾಯ."

"ಆಕಿ ನನ್ನ ಉಳಿಸಾಕೆ ಹಂಗಂತಾಳೆ. ಅದು ಆಕಿ ದೊಡ್ಡತನ. ಆದ್ರೆ ಸಾಹೇಬ್ರೆ, ನಾನು ಕೊಟ್ಟಿಲ್ಲ ಅಂದ್ರೆ ಆಕಿ ಇಸ್ಕೊಂಡಿಲ್ಲ ಅಂತ ಆಗ್ತೈತೆ. ಈ ಕೈ ಏನು ಮಾಡೈತೆ ಅಂತ ಗೊತ್ತಿದ್ದೂ ಆಕಿ ಇದರಿಂದ ಇಸ್ಕೊಂಡ್ಳು. ಅದನ್ನ ಇಲ್ಲ ಅನ್ನಾಕೆ ನನಗೆ ಬಾಯಿ ಬರವಲ್ದು. ಬೇಕಾದ್ರೆ ಬಿಡುಗಡೆ ಬ್ಯಾಡ."

ಸುಗ್ರಾಬಿ ಮುಖದ ಮೇಲಿನ ಸೆರಗು ಸರಿಸಿದಳು. ಭಟ್ಟಿಯ ಮಸಿ ಹತ್ತಿದ, ವಯಸ್ಸಿಗಿಂತ ಮುದಿಯಾದ ಮುಖ. ಸಾಹೇಬರನ್ನು ನೋಡಲಿಲ್ಲ, ಮೌಲಾ ಸಾಬನನ್ನೇ ನೇರವಾಗಿ ನೋಡಿದಳು.

"ಹೌದ್ರಿ. ಇಸ್ಕೊಂಡೀನಿ. ಇವನು ಒಣಗಿ ಕಡ್ಡಿಯಾಗಿರ್ತಾನೆ ಅಂತ ನೋಡಾಕೆ ಬಂದಿದ್ದೆ, ಮೊರ ಹಿಡ್ಕೊಂಡು ಎದುರಿಗೆ ನಿಂತ. ಕಣದ ಕಾಳು ಬ್ಯಾಡ ಅನ್ನಬಾರ್ದು ಅಂತ ನಮ್ಮವ್ವ ಹೇಳಿದ್ದೊಂದೇ ತಲೆಗೆ ಬಂತು. ಕುಟ್ಟಿ ಅನ್ನ ಮಾಡಿದೆ. ನಾನೂ ಉಂಡೆ, ನನ್ನ ಮಗಳು ಸಿದ್ದೀಕಾನೂ ಉಂಡ್ಳು. ಮೊದಲ್ನೇ ಸಲ ಗಂಟಲಾಗೆ ಇಳೀಲಿಲ್ಲ. ಆಮ್ಯಾಕೆ ಇಳೀತು."

ಮೌಲಾ ಸಾಬ್ ಅಲ್ಲೇ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತ. ಶಿಕ್ಷೆ ಕೇಳಿದ ದಿನ ಅಳದವನು, ಹೆಂಡತಿ ಸತ್ತ ಸುದ್ದಿ ಬಂದ ದಿನ ಅಳದವನು. ಅದು ದೊಡ್ಡ ಜೈಲಿನ ಭಯದ ಅಳು ಅಲ್ಲ ಎಂಬುದು ಗುತ್ತೆಪ್ಪನಿಗೂ ಗೊತ್ತಾಯಿತು. ಅವನಿಗೆ ಅದು ಗೊತ್ತಾಗಬಾರದಿತ್ತು ಎನಿಸಿತು.

ಆಕೆಯ ಮೇಲೆ ಕೇಸು ಏನೂ ಬೇಡ ಎಂದು ಸಾಹೇಬರು ಸುಗ್ರಾಬಿಯನ್ನು ಕಳಿಸಿದರು. ಅದಷ್ಟೇ ಅವರ ಕೈಲಿದ್ದದ್ದು. ವಾರದೊಳಗೆ ವ್ಯಾನು ಬಂತು. ಮೌಲಾ ಸಾಬ್ ಹತ್ತುವ ಮೊದಲು ಎತ್ತುಗಳ ಬೆನ್ನು ಸವರಿ ಬಂದ. ಗುತ್ತೆಪ್ಪನ ಎದುರು ನಿಂತು, "ಇನ್ನ ಕಣದ ಕೆಲಸ ಉಳಿದೈತೆ. ಮುದ್ರೆ ಹಾಕೋದು ಬಿಡಬ್ಯಾಡ್ರಿ" ಎಂದ. ಹಂಗಿಸಿದ್ದೋ ನಿಜವಾಗಿ ಹೇಳಿದ್ದೋ ಎಂದು ಗುತ್ತೆಪ್ಪ ಅವನ ಮುಖದಲ್ಲಿ ಹುಡುಕಿದ. ನಿಜವಾಗಿಯೇ ಹೇಳಿದ್ದ.

ಗುತ್ತೆಪ್ಪನಿಗೆ ಮೇಲಿನಿಂದ ಶಹಬಾಸ್ ಬಂತು. ಕಣದ ಸುತ್ತ ಮುಳ್ಳುತಂತಿ ಬಂತು, ಹೊರಗಿನವರು ಹತ್ತಿರ ಬರಬಾರದೆಂದು ಬೋರ್ಡೂ ಬಂತು. ಮೈಲಮ್ಮ ಮಾತ್ರ ಎಷ್ಟೋ ದಿನ ಅವನ ಹತ್ತಿರ ಮಾತು ಬಿಟ್ಟಳು. ತಟ್ಟೆ ತಂದು ಕುಕ್ಕುತ್ತಿದ್ದಳು, ಅಷ್ಟೆ. ಅವನು ಅನುಮಾನವೇ ಇಲ್ಲದೆ ಉಣ್ಣುತ್ತಿದ್ದ. ರುಚಿಯೂ ಇರುತ್ತಿರಲಿಲ್ಲ.

ಮರುವರ್ಷದ ಸುಗ್ಗಿ ಬಂತು. ತಂತಿಯ ಒಳಗೆ ರಾಶಿ ಏರಿತು. ಕಮ್ಮಾರ ದೂರದಿಂದ ಬೋರ್ಡು ನೋಡಿ ಹೊರಳಿ ಹೋದ. ಬಿಸಿಲು ಇಳಿಯುವ ಹೊತ್ತಿಗೆ ಗುತ್ತೆಪ್ಪ ಬೇಲಿ ಕಡೆ ನೋಡಿದರೆ ತಲೆ ತುಂಬ ಸೆರಗು ಹೊದ್ದ ಆ ಹೆಂಗಸು ನಿಂತಿದ್ದಳು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಹಳೆಯ ಹುಳ ತಲೆಯಲ್ಲಿ ಒಮ್ಮೆ ಹೊರಳಿತು: ಮತ್ತೆ ಯಾಕೆ ಬಂದಳು? ಗಂಟಿನಲ್ಲಿ ಏನಿದೆ?

"ಅವನು ಇಲ್ಲಿಲ್ಲಮ್ಮ" ಎಂದ ಹತ್ತಿರ ಹೋಗಿ.

"ಗೊತ್ರಿ. ಅಲ್ಲಿ ದೊಡ್ಡ ಜೈಲಾಗೆ ಮುಲಾಖಾತ್ ಯಾವ ವಾರ ಐತೆ ಅಂತ ಕೇಳಾಕೆ ಬಂದೆ."

ಗುತ್ತೆಪ್ಪ ಗಂಟಿನ ಕಡೆ ನೋಡಿದ. "ಯಾರು ಹೋಗೋದು?"

"ನಾನೇ. ಅವನಿಗೆ ಮತ್ಯಾರದಾರ್ರಿ? ಹೋದ ವರ್ಷ ಕೊಟ್ಟ ಭತ್ತದಾಗೆ ಒಂದೀಟು ತೆಗೆದಿಟ್ಟಿದ್ದೆ. ಭಟ್ಟೀಲಿ ನಾನೇ ಮಂಡಕ್ಕಿ ಹುರಿದೀನಿ. ಅವನು ಬೆಳೆದದ್ದು, ಅವನೂ ಒಂದು ತುತ್ತು ತಿನ್ಲಿ."

"ಭಾನುವಾರ. ಬೆಳಿಗ್ಗೆ ಹೋದ್ರೆ ಒಳ್ಳೇದು" ಎಂದ ಗುತ್ತೆಪ್ಪ. ಆಮೇಲೆ, ಬೇಡವೆಂದುಕೊಂಡರೂ ಬಾಯಿಗೆ ರೂಢಿಯ ಮಾತು ಬಂತು. "ಅಲ್ಲಿ ವಾರ್ಡರ್ ತಡೀತಾನೆ. ತಂದೋರು ಮೊದಲು ತಿಂದು ತೋರಿಸ್ಬೇಕು. ಆಮೇಲೇ ಕೈದಿಗೆ. ಕಾಯ್ದೆ."

"ಅದಕ್ಕೇನ್ರಿ" ಎಂದು ಸುಗ್ರಾಬಿ ಅಲ್ಲೇ ಗಂಟು ಬಿಚ್ಚಿದಳು. ತಾನು ತಿಂದು ತೋರಿಸಲು ಒಂದು ಹಿಡಿ ಮಂಡಕ್ಕಿ ತೆಗೆದಳು.

ಗುತ್ತೆಪ್ಪ ಕತ್ತಾಳೆಯ ಮುಳ್ಳು ತರಚಿದರೂ ಬೇಲಿಯಾಚೆಗೆ ಕೈ ಚಾಚಿದ. "ಇಲ್ಲಿ ಕೊಡ್ರಿ ತಾಯಿ" ಎಂದ. ಆಕೆ ಅವನ ಅಂಗೈಗೆ ಹಾಕಿದಳು. ಆಕೆ ತಿನ್ನುವುದಕ್ಕೆ ಮೊದಲೇ ಅವನು ಅದನ್ನು ಬಾಯಿಗೆ ಹಾಕಿಕೊಂಡ.